ಉಗಿಬಂಡಿಯ ಹಿಂದೆ ಹುಗ್ಗಿಯ ಕೊಪ್ಪರಿಗೆ

ನನ್ನ ಸೋದರಮಾವ ಆಳಂದದಲ್ಲಿ ತೊಗರಿ ವ್ಯಾಪಾರಿ. ವ್ಯಾಪಾರದಲ್ಲಿ ಅವರು ಸಾಧಾರಣ. ಬಡಿಸುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿರಲಿಲ್ಲ. ಊರಿನ ಮಠದ ದಾಸೋಹದಲ್ಲಿ ಗೋಧಿ-ಬೆಲ್ಲದ ಹುಗ್ಗಿಯ ಸೌಟು ಅವರ ಕೈಯಲ್ಲೇ ಇರಬೇಕು. "ಸಾಕು" ಎಂಬ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ಬಿಸಿ ಹುಗ್ಗಿ ಸುರಿದು, "ಈಗ ಕೈ ತಗೀರಿ" ಎಂದು ಮುಂದಿನವರ ಕಡೆ ನಡೆದುಬಿಡುತ್ತಿದ್ದರು. ವರ್ಷದಲ್ಲಿ ಆ ಕೆಲವು ದಿನ ಊರಿನ ದೊಡ್ಡ ಸಾಹುಕಾರರೂ ಅವರೆದುರು ನೆಲದ ಮೇಲೆ ಕುಳಿತಿರುತ್ತಿದ್ದರು. ಮಾವನ ದೊಡ್ಡಸ್ತಿಕೆಯೆಲ್ಲ ಆ ಸೌಟಿನಲ್ಲಿತ್ತು.

ಅದನ್ನೇ ಅವರು ಒಂದು ರೈಲಿನ ಸಲುವಾಗಿ ಪಣಕ್ಕಿಟ್ಟರು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳಿಗೂ ಆಗ ರೈಲು ಇರಲಿಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಬೇಕು. ಬಸ್ಸು ಹತ್ತಿ ಹೋದರೂ ಹೊಗೆಯ ಇಂಜಿನ್ನು ಕಾಣುತ್ತಿರಲಿಲ್ಲ, ಡೀಸೆಲ್ ಬಂದು ಕೆಲವು ವರ್ಷಗಳಾಗಿದ್ದವು. ಹೊಗೆಬಂಡಿ ಇದ್ದಾಗ ಕಣ್ಣಿಗೆ ಮಸಿ ಬಿತ್ತು, ಧೋತ್ರಕ್ಕೆ ಕಿಡಿ ಹಾರಿ ತೂತು ಬಿತ್ತು ಎಂದು ಬೈದವರೇ, ಪರದೇಶದವರು ದುಡ್ಡು ಕೊಟ್ಟು ಅದೇ ಹೊಗೆ ಕುಡಿಯಲು ಬರುತ್ತಾರೆ ಎಂಬ ಸುದ್ದಿ ಕೇಳಿದ ಕೂಡಲೇ ಹಳೆಯ ಇಂಜಿನ್ನಿನ ಗುಣಗಾನ ಶುರು ಮಾಡಿದರು. ಸೊಲ್ಲಾಪುರದಿಂದ ವಾಡಿಯ ತನಕ ಒಂದು ವಿಶೇಷ ಉಗಿಬಂಡಿ, ಅದರ ತುಂಬ ಬಿಳಿಯ ಜನ. ತೊಂಬತ್ತರ ದಶಕದ ಆರಂಭ, ಎಳ್ಳಮಾವಾಸ್ಯೆ ಮುಗಿದ ಮೇಲಿನ ಚಳಿ. ಯಾವ ವರ್ಷ ಎಂದು ಕೇಳಿದರೆ ಎರಡು ವರ್ಷಗಳ ನಡುವೆ ತೂಗಾಡುತ್ತೇನೆ.

ಪಣದ ಮಾತು ನಡೆದದ್ದು ಮಾವನ ಅಡತಿ ಅಂಗಡಿಯ ಕಟ್ಟೆಯ ಮೇಲೆ, ಪಕ್ಕದ ಅಂಗಡಿಯ ಸಾಹೇಬರ ಜೊತೆ. ಈ ಸಾಹೇಬರೂ ತೊಗರಿ ವ್ಯಾಪಾರಿಯೇ. ಇಬ್ಬರೂ ಒಬ್ಬರನ್ನೊಬ್ಬರು ಕೆಣಕದೆ ಚಹಾ ಕುಡಿದದ್ದಿಲ್ಲ.

"ರೈಲಿನ ಮಂದಿಗೆ ಹುಗ್ಗಿ ಊಟ ಹಾಕ್ತೇನಿ" ಎಂದರು ಮಾವ.

"ಅವರು ನಿಮ್ಮ ಹುಗ್ಗಿ ಮುಟ್ಟಂಗಿಲ್ರಿ ಸಾವ್ಕಾರ್ರ. ಬಿಸ್ಕೀಟ, ಬಾಟ್ಲಿ ನೀರು. ಖತಂ."

"ನಾ ಬಡಿಸಿದ್ರ ಯಾಂವಾ ಒಲ್ಲೆ ಅಂತಾನ?"

"ಒಬ್ಬಾಂವೂ ಉಣ್ಣಲಿಲ್ಲ ಅಂದ್ರ?"

"ಅಂದ್ರ ಇನ್ನ ಮುಂದ ಮಠದಾಗ ನಾ ಸೌಟ ಹಿಡಿಯಂಗಿಲ್ಲ. ಹೋಗು, ಆಣಿ ಮಾಡೇನಿ."

"ನಾ ಎಲ್ಲಿಗಿ ಹೋಗ್ಲಿ? ಇಡೀ ಬಜಾರ ಕೇಳ್ಯಾದ."

ಈ ಸಂಭಾಷಣೆ ನನಗೆ ಕಣ್ಣಾರೆ ಕಂಡಂತೆ ನೆನಪಿದೆ. ಆದರೆ ಆ ಹೊತ್ತಿನಲ್ಲಿ ನಾನು ಜೇವರ್ಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ನನ್ನ ನೆನಪಿನ ಬಗ್ಗೆ ಓದುಗರು ಇಲ್ಲಿಂದಲೇ ಎಚ್ಚರವಾಗಿರುವುದು ಒಳ್ಳೆಯದು.

ನಾನು ಇಂಗ್ಲಿಷ್ ಎಂ.ಎ. ಆದ್ದರಿಂದ ನನಗೆ ಕರೆ ಬಂತು. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ಟ್ಯಾಂಕರಿನಿಂದ ನೀರು ತುಂಬುತ್ತಾರೆ, ಆಗ ಊಟ ಹಾಕಬೇಕು ಎಂಬುದು ಮಾವನ ಯೋಜನೆ. ನಾನು ಮುಂಚೆಯೇ ಹೋಗಿ, ರೈಲಿನಿಂದ ಇಳಿದವರನ್ನು ಮಾತಿನಲ್ಲಿ ಕಟ್ಟಿಹಾಕಬೇಕು. ಹುಗ್ಗಿ ಅಫಜಲಪುರದಿಂದ ಬಾಡಿಗೆಗೆ ತರಿಸಿದ ಟೆಂಪೊದಲ್ಲಿ ಬರುತ್ತದೆ. ಬರಲಿಲ್ಲ. ಅತ್ತೆ "ಇನ್ನ ತುಸು ಕುದೀಲಿ, ಗೋದಿ ಹಸೀ ಅದ ಅಂದಾರು" ಎಂದು ಒಲೆ ಬಿಟ್ಟೇಳದೆ ತಡವಾಯಿತು ಎಂದು ಮಾವ ಹೇಳುತ್ತಿದ್ದರು. ಇವರು ಶಲ್ಯ ಆರಿಸುವುದರಲ್ಲೇ ತಾಸು ಕಳೆದರು ಎಂದು ಅತ್ತೆ.

ಬಂದದ್ದು ರೈಲು. ಕರಿಯ ಇಂಜಿನ್ನು ಬುಸುಗುಡುತ್ತ ನಿಂತಿತು. ಪರದೇಶದವರು ಕೊರಳಲ್ಲಿ ಎರಡೆರಡು ಕ್ಯಾಮೆರಾ ತೂಗುಬಿಟ್ಟುಕೊಂಡು ದುಡುದುಡು ಇಳಿದರು. ಸ್ವಾಗತಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಮುಗಿದು ನಿಂತಿದ್ದ ನನ್ನ ಕಡೆ ಒಬ್ಬರೂ ನೋಡಲಿಲ್ಲ. ಎಲ್ಲರೂ ಚಕ್ರ ನೋಡಿದರು. ಒಬ್ಬ ಹೆಂಗಸು ಬಹಳ ವಿನಯದಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು, ನನ್ನ ನೆರಳು ಇಂಜಿನ್ನಿನ ಮೇಲೆ ಬೀಳುತ್ತಿತ್ತಂತೆ. ಅವರನ್ನೆಲ್ಲ ಕಾಯಲು ಮುಂಬೈ ಕಡೆಯ ಒಬ್ಬ ಮುಖ್ಯಸ್ಥನಿದ್ದ, ಕೊರಳಲ್ಲಿ ಸೀಟಿ. ಅವನಿಗೆ ಊಟದ ವಿಷಯ ಹೇಳಿದೆ. ಅವನು ಗಡಿಯಾರ ನೋಡಿಕೊಂಡು, ಒಳಗೆ ಬನ್ನಿ ಮಾತಾಡೋಣ ಎಂದ. ಒಳಗೆ ಹೋದೆ. ರೈಲು ಹೊರಟಿತು.

ಹೀಗೆ ಟಿಕೆಟ್ಟಿಲ್ಲದೆ, ಮನಸ್ಸಿಲ್ಲದೆ ನಾನು ಆ ಐತಿಹಾಸಿಕ ಪ್ರಯಾಣ ಮಾಡಿದೆ.

ಒಳಗಿದ್ದವರು ಯಾರೂ ಸೀಟಿನ ಮೇಲೆ ಕುಳಿತಿರಲಿಲ್ಲ. ಈಜುವವರು ಹಾಕುವಂಥ ಕನ್ನಡಕ ಧರಿಸಿ ಬಾಗಿಲು ಕಿಟಕಿಗಳಿಂದ ಸೊಂಟದ ತನಕ ಹೊರಗೆ ನೇತಾಡುತ್ತಿದ್ದರು. ಮಸಿ ಬಿದ್ದಷ್ಟೂ ಅವರಿಗೆ ಸಂತೋಷ. ಒಬ್ಬ ಮುದುಕ ಟೇಪ್ ರೆಕಾರ್ಡರನ್ನು ಕಿಟಕಿಯ ಹೊರಗೆ ಹಿಡಿದಿದ್ದ. ನಾನು ಹುಗ್ಗಿಯ ವಿಷಯ ತೆಗೆದಾಗ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದ. ಯಾವುದೋ ದೇಶದಲ್ಲಿ ಇಂಜಿನ್ನಿನ ಸದ್ದಿನ ನಡುವೆ ಗೋಧಿ, ಬೆಲ್ಲ, ತುಪ್ಪ ಎಂದು ವಿವರಿಸುವ ನನ್ನ ದನಿ ಇಂದಿಗೂ ಇರಬಹುದು.

ಅಷ್ಟರಲ್ಲಿ ಕಿಟಕಿಯವರೆಲ್ಲ ಹೋ ಎಂದರು. ಹಳಿಯ ಪಕ್ಕಕ್ಕೆ ಬಂದ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಜೀಪುಗಳು ಓಡುತ್ತಿದ್ದವು. ರೈಲಿನಲ್ಲಿ ಕುಳಿತರೆ ರೈಲು ಕಾಣುವುದಿಲ್ಲವೆಂದು ಅದನ್ನು ಬೆನ್ನಟ್ಟಲು ಬೇರೆ ದುಡ್ಡು ಕೊಟ್ಟವರು ಅವುಗಳಲ್ಲಿದ್ದರು. ಆ ಜೀಪುಗಳ ನಡುವೆ ಒಂದು ಟೆಂಪೊ. ಅದರ ಹಿಂಭಾಗದಲ್ಲಿ, ಕೊಪ್ಪರಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಶಲ್ಯ ಹಾರಿಸುತ್ತ ನನ್ನ ಮಾವ. ಅವರು ಬಾಯಿ ತೆರೆದು ಏನೋ ಕೂಗುತ್ತಿದ್ದರು. ರೈಲಿನವರು ಕೈಬೀಸಿದರು, ಫೋಟೊ ತೆಗೆದರು. ನನ್ನ ಪಕ್ಕದವನು ಮೆಚ್ಚುಗೆಯಿಂದ, ನಿಮ್ಮಲ್ಲೂ ನಮ್ಮಂಥ ಹುಚ್ಚರಿದ್ದಾರಲ್ಲ ಎಂದ. ಆ ಹುಚ್ಚ ಯಾರೆಂದು ನನಗೆ ಗೊತ್ತು ಎಂದು ನಾನು ಹೇಳಲಿಲ್ಲ.

ಮುಂದೆ ಒಂದು ಸಣ್ಣ ಸ್ಟೇಷನ್ನಿನ ಹತ್ತಿರ ರೈಲು ನಿಂತಿತು. ಎಲ್ಲರನ್ನೂ ಇಳಿಸಿ, ಖಾಲಿ ಬಂಡಿ ಹಿಂದಕ್ಕೆ ಹೋಯಿತು. ಹೋಗಿ, ದಟ್ಟ ಹೊಗೆ ಬಿಡುತ್ತ ಮತ್ತೆ ಇವರ ಮುಂದೆ ಹಾಯುತ್ತದೆ, ಇವರು ಚಿತ್ರ ತೆಗೆಯುತ್ತಾರೆ. ಹತ್ತಿ ಬಂದ ರೈಲಿನಿಂದ ಇಳಿದು ಅದೇ ರೈಲಿಗೆ ಕಾಯುವ ಈ ಪದ್ಧತಿ ನನಗೆ ಹೊಸದು. ಹಳಿಯ ಪಕ್ಕದ ಬಯಲಲ್ಲಿ ಅವರು ಒಬ್ಬರ ಚಿತ್ರಕ್ಕೆ ಒಬ್ಬರು ಅಡ್ಡ ಬಾರದಂತೆ, ದಾರ ಹಿಡಿದು ಎಳೆದಂಥ ಸಾಲಿನಲ್ಲಿ ಮಂಡಿಯೂರಿ ಕುಳಿತರು.

ಟೆಂಪೊ ಬಂದು ನಿಂತದ್ದು ಆಗಲೇ. ಮಾವ ಇಳಿದು ಆ ಸಾಲನ್ನು ನೋಡಿದರು. ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ನೋಡಲೇ ಅಳಿಯಾ! ಹೇಳದ ಕೇಳದ ಪಂಕ್ತಿಗೆ ಕುಂತಾರ. ಏನ್ ಶಿಸ್ತ!"

"ಮಾಮಾ, ಅವರು ಫೋಟೊ ತಗೀಲಾಕ ಕುಂತಾರ."

"ತಗೀಲಿ ಬಿಡು. ಉಂಡು ತಗೀಲಿ."

ಸಾಕ್ಷಿಯೆಂದು ಟೆಂಪೊದಲ್ಲೇ ಬಂದಿದ್ದ ಸಾಹೇಬರು ಇಳಿಯದೆ ಎಲೆಯಡಿಕೆ ಜಗಿಯುತ್ತ ಹೇಳಿದರು: "ಕುಂಡ್ರಿಸೋದು ದೊಡ್ಡ ಮಾತಲ್ರಿ ಸಾವ್ಕಾರ್ರ. ಉಣಿಸ್ರಿ."

ಮಾವ ಪತ್ರಾವಳಿಯ ಕಟ್ಟು ಬಿಚ್ಚಿ ಒಬ್ಬೊಬ್ಬರ ಮಂಡಿಯ ಮುಂದೆ ಒಂದೊಂದು ಎಲೆ ಹಾಕುತ್ತ ನಡೆದರು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಒಬ್ಬ ಅದನ್ನು ಮಂಡಿಯ ಕೆಳಗೆ ಹಾಕಿಕೊಂಡು, ಹರಳುಗಲ್ಲು ಚುಚ್ಚುವುದು ತಪ್ಪಿತೆಂದು ಮಾವನಿಗೆ ವಂದನೆ ಹೇಳಿದ. ಸಾಲಿನ ಕೊನೆ ಮುಟ್ಟಿ ಮಾವ ಕೊಪ್ಪರಿಗೆಯ ಮುಚ್ಚಳ ತೆಗೆದರು. ಆಗ ರೈಲು ಬಂತು.

ನಿಜ ಹೇಳಬೇಕೆಂದರೆ ಅದು ಭರ್ಜರಿಯಾಗಿಯೇ ಬಂತು. ಆದರೆ ಅದರ ಗಾಳಿಗೆ ಪತ್ರಾವಳಿಗಳೆಲ್ಲ ಒಟ್ಟಿಗೇ ಮೇಲೆದ್ದವು. ಸೂರ್ಯ, ಹೊಗೆ, ಇಂಜಿನ್ನು, ಎಲ್ಲದರ ಮುಂದೆಯೂ ಎಲೆಗಳು. ಅಷ್ಟು ದೂರದ ದೇಶಗಳಿಂದ ಬಂದವರು ಅಂದು ಎಲೆಗಳ ಚಿತ್ರ ತೆಗೆದರು. ಹೊಗೆ ಇಳಿದಾಗ ತುಪ್ಪ ತೇಲುವ ಹುಗ್ಗಿಯ ಮೇಲೆ ಮಸಿ ಎಳ್ಳು ಉದುರಿಸಿದಂತೆ ಬಿದ್ದಿತ್ತು.

ಕೂಗಾಟವಾಯಿತು. ಮುಖ್ಯಸ್ಥ ಸೀಟಿ ಊದಿದ. ಬೆಳಕು ಹೋಗುವ ಮೊದಲು ಮತ್ತೊಮ್ಮೆ ಬಂಡಿ ಹಿಂದಕ್ಕೆ ಹೋಗಬೇಕು ಎಂದ. ಆದರೆ ಇಂಜಿನ್ನು ನಿಂತದ್ದು ಟೆಂಪೊದ ಎದುರಿಗೇ. ಸೊಲ್ಲಾಪುರದ ಡ್ರೈವರು ಕತ್ತು ಹೊರಗೆ ಚಾಚಿದ.

"ಏನ್ ವಾಸ್ನಿರಿ ಅದು ಯಜಮಾನ್ರ? ಗೋದಿ ಹುಗ್ಗಿ ಏನು?"

"ಹೌದ್ರಿ. ಖರೆ ಮಸಿ ಬಿದ್ದದ."

"ನಮಗ ಬರ್ರಿ ಅಂತ ಕರೀರಿ. ಮಸಿ ಬೀಳಲಾರದ ಊಟ ನಮಗ ಪಚನಾ ಆಗಂಗಿಲ್ಲ."

ಡ್ರೈವರು, ಕಲ್ಲಿದ್ದಲು ಹಾಕುವವರು, ಗಾರ್ಡು ಎಲ್ಲ ಇಳಿದು ಕೈ ತೊಳೆದು ಕುಳಿತರು. ಮಾವ ಬಡಿಸತೊಡಗಿದರು, ಕಣ್ಣು ಮಾತ್ರ ಪರದೇಶದವರ ಮೇಲೆ. ಅವರು ಒಬ್ಬೊಬ್ಬರಾಗಿ ಬಂದು ಕೊಪ್ಪರಿಗೆಯಲ್ಲಿ ಇಣುಕಿ, ಮಸಿಯ ಚಿತ್ರ ತೆಗೆದುಕೊಂಡು, ಒಲ್ಲೆವೆಂದು ಹೊಟ್ಟೆ ಸವರಿ ತೋರಿಸಿ, ತಮ್ಮ ಬಿಸ್ಕೀಟಿನ ಪೊಟ್ಟಣಕ್ಕೆ ಮರಳಿದರು. ನಾನು ನನ್ನ ಎಂ.ಎ. ಪೂರ್ತಿ ಖರ್ಚು ಮಾಡಿ ಒಂದು ಸೌಟಿಗಾಗಿ ಬೇಡಿದೆ. ಮುಖ್ಯಸ್ಥ ನನ್ನ ತೋಳು ಹಿಡಿದು, ಮೊದಲು ಆ ಡ್ರೈವರನನ್ನು ಎಬ್ಬಿಸಿರಿ, ಬೆಳಕು ಹೋಗುತ್ತಿದೆ ಎಂದ. ಅದನ್ನು ಮಾವನಿಗೆ ತಿಳಿಸಿದೆ.

"ಉಣ್ಣೂ ಮಂದೀನ ನಡುವ ಎಬ್ಬಿಸ್ತಾರೇನು? ಸೂರ್ಯಾಗ ಹೇಳಂತ ಹೇಳು, ನಿಂದ್ರು ಅಂತ" ಎಂದು ಮಾವ ಡ್ರೈವರನ ಎಲೆಗೆ ಮತ್ತೊಂದು ಸೌಟು ಸುರಿದರು.

ಸೂರ್ಯ ನಿಲ್ಲಲಿಲ್ಲ. ಅವರಿಗೆ ಬೆಳಕು ಸಿಗಲಿಲ್ಲ, ನಮಗೆ ಅವರು ಸಿಗಲಿಲ್ಲ. ಉಂಡವರು ತೇಗಿ ರೈಲು ಹೊಡೆದುಕೊಂಡು ಹೋದರು.

ಹಿಂದಿರುಗುವಾಗ ಟೆಂಪೊದಲ್ಲಿ ಮಾವ ಸೌಟಿಗೆ ಅಂಟಿದ ಮಸಿಯನ್ನು ಶಲ್ಯದಿಂದ ಒರೆಸಿದರು. ಆಮೇಲೆ, "ಒಬ್ಬಾಂವೂ ಉಣ್ಣಲಿಲ್ಲ" ಎಂದರು.

ಸಾಹೇಬರು ರೇಗಿದರು. "ಡ್ರೈವರ ಮೂರು ಸಲ ಹಾಕಿಸ್ಕೊಂಡ. ಅಂವಾ ಮನಷ್ಯಾ ಅಲ್ಲೇನ್ರಿ?"

"ಅಂವಾ ನಮ್ಮಾಂವ. ನಮ್ಮವರು ಉಂಡದ್ದು ಲೆಕ್ಕಕ್ಕ ಬರ್ತದೇನು?"

ಇದಕ್ಕೆ ನಾನೂ ಹೌದೆಂದು ತಲೆಯಾಡಿಸಿದೆ. ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ಎರಡು ವರ್ಷ ನನಗೆ ಕಲಿಸಿದ್ದೂ ಹೆಚ್ಚುಕಡಿಮೆ ಇಷ್ಟೇ.

ಮರುದಿನ ಬಜಾರಿನಲ್ಲಿ ಕೇಳಿದವರಿಗೆಲ್ಲ ಸಾಹೇಬರು "ಅವರನ್ನೇ ಕೇಳ್ರಿ" ಎಂದರು. ಮಾವ "ಉಣ್ಣಲಿಲ್ಲ" ಎಂದರು. ಮಠದ ಮುಂದಿನ ದಾಸೋಹದಲ್ಲಿ ಅವರು ಮೊದಲ ಬಾರಿಗೆ ಸೌಟು ಬಿಟ್ಟು ಎಲೆಯ ಮುಂದೆ ಕುಳಿತರು, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಸಾಹೇಬರು. ಬಡಿಸುತ್ತಿದ್ದವರು ಬಟ್ಟೆ ಅಂಗಡಿಯ ಯಜಮಾನರು. "ಸಾಕೇನ್ರಿ?" ಎಂದು ಕೇಳಿ ಕೇಳಿ, ಗಜ ಹಿಡಿದು ಅಳೆದಂತೆ ಹಾಕುತ್ತಿದ್ದರು.

"ಎಲಿ ನೋಡ್ರಿ, ಬಾಯಿ ಯಾಕ ನೋಡ್ತೀರಿ!" ಎಂದು ಮಾವ ಒಮ್ಮೆ ಒದರಿದರು. ಎರಡನೆಯ ಸಲ ಯಜಮಾನರು ಬಂದು ಅರ್ಧ ಸೌಟು ಹಾಕಿದಾಗ ತಡೆಯಲಾಗದೆ ಎದ್ದು, ಎಂಜಲು ಕೈ ತೊಳೆದು ಬಂದು, ಅವರ ಕೈಯಿಂದ ಸೌಟು ಕಸಿದುಕೊಂಡರು.

"ಸಾವ್ಕಾರ್ರ, ಆಣಿ?" ಎಂದರು ಯಾರೋ.

"ಎಂಥಾ ಆಣಿ? ಒಬ್ಬಾಂವ ಉಂಡಿದ್ನಲ್ಲ. ಟೊಪ್ಪಿಗಿ ಹಾಕಿದ ಮುದುಕ. ಬೆರಳಿಲೆ ತಗೊಂಡು ನೆಕ್ಕಿದ. ನಮ್ಮ ಅಳಿಯಾನೂ ನೋಡ್ಯಾನ."

ಎಲ್ಲರೂ ನನ್ನತ್ತ ತಿರುಗಿದರು. ನಾನು ನೋಡಿದ್ದೆನೆ? ಮುಖ್ಯಸ್ಥನ ಜೊತೆ ವಾದಿಸುವಾಗ ನನ್ನ ಬೆನ್ನು ಕೊಪ್ಪರಿಗೆಯ ಕಡೆ ಇತ್ತು. ಆಗ ದಿನಚರಿ ಬರೆಯುತ್ತಿದ್ದೆ. ಆ ದಿನ ಬರೆದದ್ದು ನಾಲ್ಕು ಸಾಲು, ಅದರಲ್ಲಿ ಎರಡು ನನ್ನ ಹರಿದ ಚಪ್ಪಲಿಯ ಬಗ್ಗೆ. ಆದರೆ ಮಾವ ಹಾಗೆಂದ ಕ್ಷಣದಿಂದ ಆ ಮುದುಕ ನನ್ನ ಕಣ್ಣ ಮುಂದಿದ್ದಾನೆ. ಬೆರಳು ನೆಕ್ಕುತ್ತಾನೆ, ತಲೆ ಆಡಿಸುತ್ತಾನೆ. ಇಂದಿಗೂ ಅವನಷ್ಟು ಸ್ಪಷ್ಟವಾಗಿ ಆ ಇಂಜಿನ್ನು ಕೂಡ ಕಾಣುವುದಿಲ್ಲ.

"ಹೌದ್ರಿ, ನೋಡೇನಿ" ಎಂದೆ.

ಸಾಹೇಬರು ತುತ್ತು ನುಂಗಿ ನಿಧಾನವಾಗಿ ಕೇಳಿದರು: "ಟೊಪ್ಪಿಗಿ ಯಾವ ಬಣ್ಣದ್ದಿತ್ರಿ?"

"ಖಾಕಿ" ಎಂದರು ಮಾವ. "ಬಿಳಿ" ಎಂದೆ ನಾನು. ಇಬ್ಬರೂ ಒಟ್ಟಿಗೇ.

ಪಂಕ್ತಿಯೆಲ್ಲ ನಕ್ಕಿತು. ಮಾವ ಸೌಟು ಹಿಡಿದು ಸಾಹೇಬರ ಎದುರೇ ನಿಂತಿದ್ದರು, ಕಿವಿ ಕೆಂಪಾಗಿತ್ತು. ಸಾಹೇಬರು ತಮ್ಮ ಎಲೆಯನ್ನು ಅವರ ಕಡೆ ಸರಿಸಿದರು.

"ಹಾಕ್ರಿ, ಹಾಕ್ರಿ ಸಾವ್ಕಾರ್ರ. ಎರಡು ಟೊಪ್ಪಿಗಿ ಅಂದ್ರ ಇಬ್ಬರು ಉಂಡಂಗಾತು."