ಬೀಗರ ಊಟಕ್ಕೆ ಬಂದ ಬುಧವಾರದವರು

ಬಿಂಡಿಗನವಿಲೆಯ ಕುಳ್ಳಯ್ಯ ಆರಡಿ ಎತ್ತರದ ಆಳು. ಹೆಸರು ತಾತನದು, ಎತ್ತರ ಅವನದೇ ಸಂಪಾದನೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಬೀಗರ ಊಟವೆಂದರೆ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವನು ಅವನೇ. ಮದುವೆ ಮುಗಿದ ಮೇಲೆ ಬೀಗರನ್ನು ಕರೆದು ಹಾಕುವ ಈ ಬಾಡೂಟದ ಮುಂದೆ ಮದುವೆಯ ಊಟ ಲೆಕ್ಕಕ್ಕಿಲ್ಲ. ಪಾಯಸ ಸೀದಿದ್ದರೆ ಜನ ಮರೆಯುತ್ತಾರೆ. ಮುದ್ದೆ ಗಂಟಾಗಿದ್ದರೆ ಆ ಮನೆಗೆ ಮೊಮ್ಮಕ್ಕಳಾದ ಮೇಲೂ ಎತ್ತಿ ಆಡುತ್ತಾರೆ.

ಕುಳ್ಳಯ್ಯನ ಮುದ್ದೆಯಲ್ಲಿ ಗಂಟು ಕಂಡವರಿರಲಿಲ್ಲ. ಕುಡಿದಷ್ಟೂ ಅವನ ಕೈ ನೆಟ್ಟಗಾಗುತ್ತದೆ ಎನ್ನುತ್ತಿದ್ದರು. ನೆಟ್ಟಗಿರುತ್ತಿದ್ದುದು ಕೈ ಮಾತ್ರ. ಉಳಿದ ಮೈಯನ್ನು ಸಂಜೆ ನಾಗಮಂಗಲದ ಜಲೀಲ ತನ್ನ ಗೂಡ್ಸ್ ಆಟೋದಲ್ಲಿ, ಬೋರಲು ಹಾಕಿದ ಹಂಡೆಗಳ ನಡುವೆ ಮಲಗಿಸಿಕೊಂಡು ತರುತ್ತಿದ್ದ.

ಹಾಗೆ ತಂದು ಇಳಿಸಿದ ಒಂದು ಸಂಜೆ ಹೆಂಡತಿ ಮಂಚಮ್ಮ ಜಗಳ ಆಡಲಿಲ್ಲ.

"ಶ್ರೀರಂಗಪಟ್ಟಣದಲ್ಲಿ ನಮ್ಮಕ್ಕ ಹೂವಿನಂಗಡಿ ಇಟ್ಟವ್ಳೆ. ನಾನು ಅಲ್ಲಿಗೆ ಓಯ್ತೀನಿ. ನೀನು ಬಾಟ್ಲಿ ಜತೇಲಿ ಸಂಸಾರ ಮಾಡ್ಕೊ" ಎಂದಳು.

ಅವಳು ಹೊರಡುವ ಮೊದಲೇ ಅವನು ಬುಧವಾರದ ಗುಂಪಿಗೆ ಸೇರಿದ, ಅವಳು ಉಳಿದಳು. ಸಹನ ಎಂಬ ಆಪ್ತಸಮಾಲೋಚಕಿ ಪ್ರತಿ ಬುಧವಾರ ಸಂಜೆ ನಾಗಮಂಗಲದಲ್ಲಿ ಕುಡಿತ ಬಿಟ್ಟವರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಊರವರು ಅವರಿಗೆ ಬುಧವಾರದವರು ಎಂದೇ ಹೆಸರಿಟ್ಟಿದ್ದರು. ಗುಂಪಿನ ಹಿರಿಯ ಮರಿಯಯ್ಯ, ನಿವೃತ್ತ ಬಸ್ ಕಂಡಕ್ಟರು. ಎರಡು ವರ್ಷದಿಂದ ಮುಟ್ಟಿರಲಿಲ್ಲ. ಸರದಿ ತಪ್ಪಿ ಯಾರಾದರೂ ಬಾಯಿ ಹಾಕಿದರೆ ಹಳೆಯ ಸೀಟಿ ಊದುತ್ತಿದ್ದ. ಜಲೀಲನೂ ಬರುತ್ತಿದ್ದ. ಅವನು ಜನ್ಮದಲ್ಲಿ ಕುಡಿದವನಲ್ಲ. "ಇವ್ರನ್ನೆಲ್ಲ ಹೊತ್ತು ಹೊತ್ತು ನನ್ನ ಸೊಂಟ ಹೋಗಿದೆ ಮೇಡಂ, ನನಗೂ ಸಮಾಧಾನ ಬೇಕು" ಎಂದಿದ್ದ. ಸಹನಳಿಗೆ ಅದು ನ್ಯಾಯವಾಗಿಯೇ ಕಂಡಿತ್ತು.

ಎಂಟು ತಿಂಗಳು ಕುಳ್ಳಯ್ಯ ಬೀಗರ ಊಟಗಳನ್ನು ಬಿಟ್ಟು ಪಾಂಡವಪುರದ ಒಂದು ಹೋಟೆಲಿನಲ್ಲಿ ಇಡ್ಲಿ ಬೇಯಿಸಿದ. ಹಂಡೆಗಟ್ಟಲೆ ಮಾಂಸ ತಿರುವಿದ ಕೈ ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸುತ್ತಿತ್ತು. ಆಗ ಗೋವಿಂದನಹಳ್ಳಿಯ ಹೊನ್ನಪ್ಪನ ಫೋನು ಬಂತು. ಮಗಳ ಬೀಗರ ಊಟ, ನೀನೇ ಬರಬೇಕು ಎಂದು. ಕುಳ್ಳಯ್ಯ ಹೆಂಡತಿಯ ಮುಖ ನೋಡಿದ.

"ಓಗು. ನಿನ್ನ ಕಸುಬು ಅದು" ಎಂದಳು ಮಂಚಮ್ಮ. "ಒಂದು ತೊಟ್ಟು ಕುಡ್ದೆ ಅಂತ ಗೊತ್ತಾದ್ರೆ ನಾನು ಸಂಜೆ ಬಸ್ಸಲ್ಲಿರ್ತೀನಿ, ಅಷ್ಟೆ."

ವಿಷಯ ಗುಂಪಿನ ಮುಂದೆ ಬಂತು. ಒಬ್ಬರೇ ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ ಎಂದಳು ಸಹನ. ಅವಳ ಮನಸ್ಸಿನಲ್ಲಿದ್ದುದು ಒಬ್ಬರು. ಗುಂಪು ಇಡೀ ಗುಂಪೇ ಹೋಗುವುದೆಂದು ತೀರ್ಮಾನಿಸಿತು. ಕುಡಿತ ಬಿಟ್ಟ ಐದು ಜನರನ್ನು ಒಟ್ಟಿಗೆ ಬಾಟಲಿಗಳ ನಡುವೆ ಇಳಿಸುವುದು ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದಳು. ಮರಿಯಯ್ಯ ಸೀಟಿ ಊದಿದ.

ಬೆಳಕು ಹರಿಯುವ ಮುಂಚೆ ಜಲೀಲನ ಆಟೋ ಹಂಡೆಗಳನ್ನೂ ಬುಧವಾರದವರನ್ನೂ ಹೊನ್ನಪ್ಪನ ತೋಟದಲ್ಲಿ ಇಳಿಸಿತು. ಒಲೆ ಹಚ್ಚುವ ಮುನ್ನ ಮನೆಯ ಯಜಮಾನ ಅಡುಗೆಯವನಿಗೆ ಎಲೆಅಡಿಕೆಯ ಜೊತೆ ಒಂದು ಬಾಟಲಿ ಕೊಡುವುದು ಆ ಕಡೆಯ ವಾಡಿಕೆ. ಹೊನ್ನಪ್ಪ ರಮ್ಮು ತಂದ. ಕುಳ್ಳಯ್ಯ ಎಲೆಅಡಿಕೆ ಮಾತ್ರ ಎತ್ತಿಕೊಂಡು ಕೈಮುಗಿದ.

ಹೊನ್ನಪ್ಪನ ಮುಖ ಸಣ್ಣಗಾಯಿತು. ಒಳಗೆ ಹೋಗಿ ಬ್ರಾಂದಿ ತಂದ. ಅದನ್ನೂ ಬೇಡವೆಂದಾಗ ಬೀರುವಿನ ಬೀಗ ತೆಗೆದ ಸದ್ದು ಕೇಳಿಸಿತು.

"ತಕೊ, ಫಾರಿನ್ದು. ಬೀಗ್ರಿಗೆ ಅಂತ ಮಡಗಿದ್ದೆ. ಇದ್ಕೂ ಮೂತಿ ತಿರುಗುಸುದ್ರೆ ನಾನೇನ್ಲಾ ಮಾಡ್ಲಿ?"

"ಅಣ್ಣೋ, ನಾನು ಬುಟ್ಬುಟ್ಟಿವ್ನಿ ಕಣಣ್ಣೋ."

"ಬುಟ್ಟಿದ್ರೆ ಬುಡು, ಯಾರ್ ಬ್ಯಾಡ ಅಂದ್ರು? ವಾಡಿಕೆಗೆ ಈಸ್ಕೊ!"

ಮರಿಯಯ್ಯ ಮುಂದೆ ಬಂದ. ಮೂರು ಬಾಟಲಿಗಳನ್ನೂ ಇಸಿದುಕೊಂಡು, "ಇವು ನನ್ನ ವಶದಲ್ಲಿರ್ತವೆ. ಯಾರೂ ಅತ್ತ ತಲೆ ಹಾಕಂಗಿಲ್ಲ" ಎಂದು ಸಾರಿ, ಪಂಪ್‌ಸೆಟ್ ಮನೆಗೆ ಕೊಂಡೊಯ್ದ. ಎಲ್ಲರಿಗೂ ನಿರಾಳವಾಯಿತು. ಮರಿಯಯ್ಯನ ಕಾವಲಿಗೆ ಯಾರು ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನಕ್ಕೆ ಬೀಗರು ಎರಡು ಬಸ್ಸು ತುಂಬ ಬಂದಿಳಿದರು. ಬೋಟಿ ಗೊಜ್ಜು ಇಳಿದಿತ್ತು, ಸಾರು ಕುದಿಯುತ್ತಿತ್ತು. ಮುದ್ದೆಯ ಹಂಡೆಗೆ ಹಿಟ್ಟು ಸುರಿದು, ಕೋಲಿಗೆ ಕೈ ಹಾಕುವ ಮುನ್ನ ಕುಳ್ಳಯ್ಯ ಅಭ್ಯಾಸದಂತೆ ಜೊತೆಗೆ ಬಂದವರ ತಲೆ ಎಣಿಸಿದ. ಮರಿಯಯ್ಯ ಇರಲಿಲ್ಲ.

ಪಂಪ್‌ಸೆಟ್ ಮನೆಯ ಬಾಗಿಲು ತಳ್ಳಿದಾಗ ಮರಿಯಯ್ಯ ನೆಲದ ಮೇಲೆ ಕೂತಿದ್ದ. ಫಾರಿನ್ ಬಾಟಲಿಯ ಮುಚ್ಚಳ ತೆಗೆದಿತ್ತು, ಕೈಯಲ್ಲಿ ಅರ್ಧ ಲೋಟ.

"ವಾಸನೆ ನೋಡ್ತಿದ್ದೆ" ಎಂದ ಮರಿಯಯ್ಯ.

ಬುಧವಾರಗಳಂದು ಬುದ್ಧಿ ಹೇಳಿಸಿಕೊಂಡೇ ರೂಢಿಯಾಗಿದ್ದ ಕುಳ್ಳಯ್ಯ ಬುದ್ಧಿ ಹೇಳಲು ಹೋಗಲಿಲ್ಲ. ತಲೆಯಲ್ಲಿದ್ದುದು ಒಲೆಯ ಮೇಲಿನ ಹಿಟ್ಟು.

"ಅಣ್ಣ, ಹಿಟ್ಟು ತಳ ಹಿಡೀತಾದೆ. ನನ್ನೊಬ್ನ ಕೈಲಿ ಆಗಕಿಲ್ಲ. ಬಾ, ಕೋಲಿಡಿ" ಎಂದು ರಟ್ಟೆ ಹಿಡಿದು ಎಬ್ಬಿಸಿದ. ಲೋಟ ಮರಿಯಯ್ಯನ ಅಂಗಿಯ ಮೇಲೆ ಪೂರ್ತಿ ಚೆಲ್ಲಿತು.

ಹಂಡೆ ಮುದ್ದೆಯನ್ನು ತಿರುವಿ ತೊಳಸುವ ಕೋಲು ಎರಡು ಕೈಗೂ ಕೆಲಸ ಕೊಡುತ್ತದೆ. ಮೂರನೆಯದೊಂದು ಇದ್ದರೆ ಅದಕ್ಕೂ. ಮರಿಯಯ್ಯ ಬಸ್ಸಿನ ಕಂಬಿ ಹಿಡಿದು ಬದುಕಿದವನು, ಕೋಲನ್ನೂ ಹಾಗೆಯೇ ಹಿಡಿದು ನೇತಾಡಿದ.

"ತಿರುವಯ್ಯೋ! ಏನು ಸ್ಟಾಪ್ ಬರ್ಲಿ ಅಂತ ಕಾಯ್ತಿದ್ದೀಯಾ?"

"ತಿರುವ್ತಾನೇ ಇವ್ನಿ ಕಣೋ!"

"ಇದು ತಿರುವೋದಾ? ಕೆರೆ ಆಳ ನೋಡ್ದಂಗದೆ!"

ಒಂದು ಹಂಡೆ, ಎರಡು ಹಂಡೆ. ಬೆವರು ಕಣ್ಣಿಗಿಳಿದು, ಮೊಣಕೈವರೆಗೆ ರಾಗಿ ಮೆತ್ತಿ, ಮೂರನೆಯ ಹಂಡೆಯ ಹೊತ್ತಿಗೆ ಮರಿಯಯ್ಯನ ಕೋಲು ಅಂತೂ ತಿರುಗತೊಡಗಿತು. ಆದರೆ ಅಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು. ಗಂಡಿನ ಸೋದರಮಾವ ಎಲೆಯ ಮೇಲೆ ಗೋಲಿ ಗಾತ್ರದ ಗಂಟುಗಳನ್ನು ಸಾಲಾಗಿ ಜೋಡಿಸಿಟ್ಟು ಹೋಗಿದ್ದ.

ಹೊನ್ನಪ್ಪ ಧುಮುಗುಡುತ್ತ ಒಲೆಯ ಹತ್ತಿರ ಬಂದ. "ಮಾನ ಕಳ್ದಲ್ಲೋ! ಬೆಳಿಗ್ಗೆ ಬ್ಯಾಡ ಬ್ಯಾಡ ಅಂದು ಮೂರೂ ಬಾಟ್ಲಿ ಏರುಸ್ಬುಟ್ಯಾ?"

ಇಪ್ಪತ್ತು ವರ್ಷ ಕುಡಿದು ಮಾಡಿದಾಗ ಕಾಣದ ಗಂಟು, ಕುಡಿಯದೆ ಮಾಡಿದ ಮೊದಲ ದಿನವೇ ಕಂಡಿತ್ತು. ಕುಳ್ಳಯ್ಯ ಬಾಯಿ ತೆರೆದ. ಪಕ್ಕದಲ್ಲಿ ಮರಿಯಯ್ಯ, ಅಂಗಿ ಒದ್ದೆ, ಕೋಲನ್ನು ಬಿಟ್ಟಿರಲಿಲ್ಲ. ಕುಳ್ಳಯ್ಯ ಬಾಯಿ ಮುಚ್ಚಿದ.

ಹೊನ್ನಪ್ಪನ ಹೆಂಡತಿ ಮಂಚಮ್ಮನಿಗೆ ದೊಡ್ಡಪ್ಪನ ಮಗಳು. ಆಟೋ ಬಿಂಡಿಗನವಿಲೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಂಚಮ್ಮ ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಬ್ಯಾಗು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಬಾ ಇಲ್ಲಿ. ಊದು" ಎಂದಳು.

ಕುಳ್ಳಯ್ಯ ಬಗ್ಗಿ ಊದಿದ. ಬೆಳ್ಳುಳ್ಳಿ, ಹೊಗೆ, ಎಲೆಅಡಿಕೆ. ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಊದಿಸಿದಳು. ನಂಬಿಕೆಯಾಗದೆ, ಬುಧವಾರದವರನ್ನೆಲ್ಲ ಸಾಲಾಗಿ ನಿಲ್ಲಿಸಿದಳು.

"ಅಕ್ಕಾ, ಖುದಾ ಕೀ ಕಸಂ, ನಾನು ಹುಟ್ಟಿದಾಗಿಂದ ಕುಡಿದಿಲ್ಲ" ಎಂದ ಜಲೀಲ.

"ಎಲ್ರೂ ಅಂಗೇ ಅನ್ನೋದು. ಊದು."

ಮರಿಯಯ್ಯನ ಎದುರು ಬಂದಾಗ ಊದಿಸುವ ಅಗತ್ಯವೇ ಬೀಳಲಿಲ್ಲ. ಅಂಗಿ ಜಗಲಿಗೆಲ್ಲ ನಾರುತ್ತಿತ್ತು.

"ಮುದ್ದೆ ತೊಳಸ್ದೋನು ನಾನು ಕಣವ್ವ" ಎಂದ ಮರಿಯಯ್ಯ, ನೆಲ ನೋಡುತ್ತ. "ಲೋಟ ಬಾಯಿಗೆ ಬರೋ ಹೊತ್ಗೆ ಇವ್ನು ಬಂದ. ಬೈಸ್ಕೊಂಡ, ನನ್ನ ಎಸ್ರು ಯೋಳ್ಲಿಲ್ಲ."

ಮಂಚಮ್ಮ ಗಂಡನ ಕಡೆ ನೋಡಿದಳು. ಅವನು ತನ್ನ ಎತ್ತರದಿಂದ ಬೀದಿಯ ಕಡೆ ನೋಡುತ್ತಿದ್ದ. ಅವಳು ಬ್ಯಾಗನ್ನು ಒಳಗಿಟ್ಟು, ಗಂಡನದೊಂದು ಅಂಗಿ ತಂದು ಮರಿಯಯ್ಯನ ಕಡೆ ಎಸೆದಳು. ಅದು ಅವನ ಮೊಣಕಾಲು ಮುಟ್ಟಿತು.

ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಕುಳ್ಳಯ್ಯನ ಫೋನು ಬಡಿದುಕೊಂಡಿತು. ಕೆ.ಆರ್. ಪೇಟೆಯಿಂದ ಯಾರೋ, ಇನ್ನೊಂದು ಬೀಗರ ಊಟ. ಕುಳ್ಳಯ್ಯ ಹಿಂದೆಮುಂದೆ ನೋಡುವಷ್ಟರಲ್ಲಿ ಮಂಚಮ್ಮ ಫೋನು ಕಿತ್ತುಕೊಂಡಳು.

"ಊಂ, ಬತ್ತಾರೆ. ಒಬ್ರಲ್ಲ, ಐದಾರು ಜನ. ಬಾಟ್ಲಿ ಗೀಟ್ಲಿ ಏನೂ ಮಡಗ್ಬ್ಯಾಡಿ, ಎಲೆಅಡಿಕೆ ಸಾಕು." ಅತ್ತಲಿಂದ ಏನೋ ಕೇಳಿದರು. ಅವಳು ಮರಿಯಯ್ಯನನ್ನು ಮೇಲಿಂದ ಕೆಳಗೆ ಅಳೆದಳು. "ಮುದ್ದೆಯಾ? ಚೆಂದಾಗಿರ್ತದೆ. ನಾಳೆಯಿಂದ ನಮ್ಮನೇಲೇ ತೊಳಸಿ ಕಲೀತಾರೆ."