ಶಿರವಾಳಕ್ಕೆ ಕಳಿಸಿದ ಮೊಮ್ಮಗಳು

ಗೆಳೆಯರೇ, ಇಂದು ಹಾಡಹಗಲೇ ನಮ್ಮೂರು ವನದುರ್ಗದ ಕಟ್ಟೆಯ ಮೇಲೆ ನನ್ನ ಮಾನ ಹರಾಜಾಯಿತು! ಪಕ್ಕದ ಓಣಿಯಲ್ಲಿ ಸಿಡುಬು ಕಂಡಿದೆ. ನಿಜಾಮರು ಹೋದ ಮೇಲೆ ಬಂದ ಹೊಸ ಸರ್ಕಾರದ ಡಾಕ್ಟರು ಲಸಿಕೆ ಹಾಕಲು ಬಂದಿದ್ದರು. ಜನರನ್ನು ಒಪ್ಪಿಸಲು, ನಾಟಕದಲ್ಲಿ ರಾಜಪಾರ್ಟು ಮಾಡುವ, ಊರ ಗೌಡನಾದ ನನ್ನನ್ನೇ ನಿಲ್ಲಿಸಿದರು. ನಾನೂ ಗುಡುಗಿದೆ: "ಹೆದರಬ್ಯಾಡ್ರಿ! ತೋಳಿಗೊಂದು ಗೀರು, ಜೀವ ಉಳೀತದ!"

ಕುರಿ ಕಾಯುವ ಮಾಳವ್ವ ಕೂಸನ್ನೆತ್ತಿಕೊಂಡು ಮುಂದೆ ಬಂದಳು. "ನಮ್ಮ ಹಟ್ಟಿಯಾಗ, ಔಷಧ ಚಲೋ ಅದ ಅಂದವರ ಕುರಿಗೇ ಮೊದಲು ಕುಡಿಸ್ತೀವ್ರಿ. ನಿಮ್ಮ ಮೊಮ್ಮಗಳ ತೋಳು ತೋರಸ್ರಿ ಗೌಡ್ರ."

"ಆಕಿ ಊರಾಗಿಲ್ಲವ್ವ," ಎಂದೆ.

"ಹೌದ್ರಿ, ಮುಂಜಾನಿ ಬಂಡ್ಯಾಗ ಶಿರವಾಳಕ್ಕ ಕಳಿಸೂದು ನಾನೂ ನೋಡೀನಿ."

ಲಸಿಕೆಯಿಂದ ಜ್ವರ ಬಂದೀತೆಂದು ಹೆದರಿ ನಾನೇ ಕಳಿಸಿದ್ದೆ. ಮಾಳವ್ವ ಕೂಸಿನ ತೋಳಿಗೆ ಸೆರಗು ಮುಚ್ಚಿ ಮನೆಗೆ ನಡೆದಳು. ಆಕೆಯ ಹಿಂದೆ ಇಡೀ ಸಾಲೇ ಕರಗಿತು.

ಈಗ ಮೊಮ್ಮಗಳನ್ನು ಕರೆತರಲು ಬಂಡಿ ಮತ್ತೆ ಶಿರವಾಳಕ್ಕೆ ಹೋಗಿದೆ. ಅವಳಿಗೆ ಲಸಿಕೆ ಹಾಕಿಸಿ, ಆ ತೋಳು ತೋರಿಸಲು ನಾಳೆ ಮಾಳವ್ವನ ಬಾಗಿಲಿಗೆ ಹೋಗುತ್ತೇನೆ. ಸಿಡುಬು ನನಗಿಂತ ಮೊದಲು ಆ ಬಾಗಿಲು ಮುಟ್ಟದಿದ್ದರೆ ಸಾಕು.