ನೇಕಾರರ ಓಣಿಯ ಬಿಳಿ ಗೆರೆ

ಫೋಟೋದವರು ಎಂದರೆ ನನಗೆ ಮೊದಲು ನೆನಪಾಗುವುದು ಕ್ಯಾಮೆರಾದ ಕರಿ ಅರಿವೆಯೊಳಗಿಂದ ಹೊರಬರುತ್ತಿದ್ದ ಅವರ ಬೆವೆತ ಮುಖ. ರಾಮದುರ್ಗ ಸಂಸ್ಥಾನದವರು ಊರಿನ ಕೋಟೆ, ಪೇಟೆ, ಓಣಿಗಳ ಚಿತ್ರ ತೆಗೆಯಲು ಅವರನ್ನು ಕರೆಸಿದ್ದರು. ಕ್ಯಾಮೆರಾದ ಮುಚ್ಚಳ ತೆಗೆಯುವ ಮುಂಚೆ ಎಡಗೈ ಮೇಲೆತ್ತಿ ಒಂದೇ ಮಾತು ಹೇಳುವರು: “ಅಲ್ಲಾಡಬ್ಯಾಡ್ರಿ, ಬೆಳಕು ಬರಕೊಳ್ಳಾಕ ಹತ್ತೈತಿ.”

ನಮ್ಮ ನೇಕಾರರ ಓಣಿಗೆ ಬಂದಾಗ ಅವರ ಬಳಿ ಚಿತ್ರ ಮೂಡಿಸುವ ಗಾಜಿನ ಪ್ಲೇಟು ಒಂದೇ ಉಳಿದಿತ್ತು. ನಾವೆಲ್ಲ ಕಟ್ಟೆಯ ಮೇಲೆ ಕಲ್ಲಿನಂತೆ ಕೂತೆವು. ಮುಚ್ಚಳ ತೆಗೆದು ಅವರು ಹತ್ತರವರೆಗೆ ಎಣಿಸಬೇಕಿತ್ತು. ಐದಕ್ಕೆ ಬಂದಿದ್ದರು, ಅಷ್ಟರಲ್ಲಿ ನಮ್ಮವ್ವ ತಂಬಿಗೆ ನೀರು, ಬೆಲ್ಲ ಹಿಡಿದು ಕ್ಯಾಮೆರಾದ ಮುಂದೆಯೇ ಓಣಿ ದಾಟಿ ಅವರ ಮಗ್ಗುಲಿಗೆ ಬಂದು ನಿಂತಳು.

“ಯವ್ವಾ, ಏನ್ ಮಾಡಿದ್ರಿ!”

“ಬಿಸಲಾಗ ಬಂದವ್ರನ್ನ ನೀರು ಕೊಡದ ನಿಲ್ಲಸ್ತಾರೇನ್ರಿ?”

ಅವರು ಪ್ಲೇಟುಗಳ ಖಾಲಿ ಪೆಟ್ಟಿಗೆ ನೋಡಿದರು, ಅವ್ವನ ಮುಖ ನೋಡಿದರು. ಬೆಲ್ಲ ಬಾಯಿಗೆ ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಸಂಸ್ಥಾನಕ್ಕೆ ಚೊಕ್ಕ ಚಿತ್ರ ಕೊಡಲೇಬೇಕಿತ್ತು. ತಿಂಗಳೊಪ್ಪತ್ತಿನಲ್ಲಿ ಹೊಸ ಪ್ಲೇಟುಗಳೊಡನೆ ಮತ್ತೆ ಬಂದವರು ಹಳೆಯ ಚಿತ್ರವನ್ನೂ ತಂದು ತೋರಿಸಿದರು. ನಾವೆಲ್ಲ ಅದರಲ್ಲಿ ಚೆನ್ನಾಗಿ ಮೂಡಿದ್ದೆವು. ಅವ್ವ ದಾಟಿದ ಕಡೆ ಮಾತ್ರ ಹೊಗೆಯಂಥ ಒಂದು ಬಿಳಿ ಗೆರೆಯಿತ್ತು.

“ನನ್ನ ಮಾರಿ ಎಲ್ಲೈತ್ರಿ?” ಎಂದಳು ಅವ್ವ.

“ನೀವು ನಿಂತೇ ಇಲ್ಲಲ್ರಿ, ಯವ್ವಾ.”

“ಹೌದ್ ಬಿಡ್ರಿ, ಮುಂಜಾನಿಂದ ಸಂಜೀತನಕ ನಾ ಹಿಂಗಽ ಇರತೇನಿ,” ಎಂದು ಅವ್ವ ನಕ್ಕಾಗ ಓಣಿಗೆ ಓಣಿಯೇ ನಕ್ಕಿತು.

ಆವತ್ತು ಅವರು ಕೂಡಲೇ ಕ್ಯಾಮೆರಾದ ಸ್ಟ್ಯಾಂಡು ಬಿಚ್ಚಿ ನಿಲ್ಲಿಸಲಿಲ್ಲ. ನೇರ ನಮ್ಮ ಕಟ್ಟೆಗೆ ಬಂದು ಕೂತು, ಎಡಗೈ ಮೇಲೆತ್ತಿದರು: “ಮೊದಲ ಬೆಲ್ಲ, ನೀರು ಕೊಟ್ಟಬಿಡ್ರಿ ಯವ್ವಾ. ಆಮ್ಯಾಲ ಯಾರೂ ಅಲ್ಲಾಡಬ್ಯಾಡ್ರಿ.”